ಕಾವಲಿ ಕಾದಷ್ಟೂ ಕರಗದ ಚೀಸ್

ನೀರುದೋಸೆಯ ಕಾವಲಿಗೆ ಬ್ರೆಡ್ ಹಾಕಿದ್ದೇ ನನ್ನ ಮೊದಲ ತಪ್ಪು. ಬೆಳಗಿನ ದೋಸೆ ಮುಗಿದಿತ್ತು, ಬೀಡುಕಬ್ಬಿಣದ ಕಾವಲಿ ಇನ್ನೂ ಒಲೆಯ ಮೇಲೆ ಹೊಗೆಯಾಡುತ್ತಿತ್ತು. ಮಂಗಳೂರಿನಲ್ಲಿ ಓದುವ ಅಣ್ಣನ ಮಗಳು ರಜೆಗೆಂದು ಬಂದಿದ್ದಳು. "ಅತ್ತೆ, ಇವತ್ತು ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ಮಾಡೋಣ. ಏನೂ ಕಷ್ಟವಿಲ್ಲ, ಎರಡು ಬ್ರೆಡ್, ನಡುವೆ ಚೀಸ್, ಅಷ್ಟೇ" ಎಂದಳು. ಅಷ್ಟೇ ಇರಬೇಕು ಎಂದು ನಾನೂ ನಂಬಿದೆ. ಒಂದೂವರೆ ನಿಮಿಷದಲ್ಲಿ ಬ್ರೆಡ್ಡಿನ ಅಡಿ ಇದ್ದಿಲಾಯಿತು. ಬಿಡಿಸಿ ನೋಡಿದರೆ ಒಳಗಿನ ಚೀಸ್ ಫ್ರಿಜ್ಜಿನಿಂದ ತೆಗೆದಾಗ ಹೇಗಿತ್ತೋ ಹಾಗೆಯೇ, ಅಂಚು ಕೂಡ ಮೆತ್ತಗಾಗದೆ, ಗಟ್ಟಿಯಾಗಿ ಕುಳಿತಿತ್ತು. ಬದಿಯಡ್ಕ ಪೇಟೆಯಿಂದ ತಂದ ಬ್ರೆಡ್ಡಿನಲ್ಲಿ ಅರ್ಧ ಪ್ಯಾಕೆಟ್ ಹಟ್ಟಿಯ ದನಕ್ಕೆ ಹೋಯಿತು. ವರ್ಷಗಟ್ಟಲೆ ಕನ್ನಡ ಮಾಧ್ಯಮದ ಮಕ್ಕಳಿಗೆ ಉಷ್ಣದ ಪಾಠ ಮಾಡಿದವಳು ನಾನು. ಎರಡು ತುಂಡು ಬ್ರೆಡ್ಡಿನ ಮುಂದೆ ನಪಾಸಾದೆ.

ಆಮೇಲೆ ಛಲಕ್ಕೆ ಬಿದ್ದು ಹತ್ತಿಪ್ಪತ್ತು ಸಲ ಮಾಡಿದ್ದೇನೆ. ಇದು ಕೈಚಳಕಕ್ಕಿಂತ ಹೆಚ್ಚಾಗಿ ಬಿಸಿಯ ಲೆಕ್ಕ ಎಂದು ಈಗ ಗೊತ್ತಾಗಿದೆ. ಬ್ರೆಡ್ಡಿನ ಮೈ ಹೊಂಬಣ್ಣಕ್ಕೆ ತಿರುಗಲು ಸುಮಾರು 140 ಡಿಗ್ರಿ ಸೆಲ್ಸಿಯಸ್ ಬೇಕು. ಅಲ್ಲಿಂದ ಒಂದು ಬೆರಳಿನ ದಪ್ಪದಷ್ಟೂ ದೂರವಿಲ್ಲದ ಚೀಸಿಗೆ 60ರ ಆಸುಪಾಸು ಸಾಕು. ಅದಕ್ಕಿಂತ ತೀರಾ ಮೇಲೇರಿ ಅಲ್ಲೇ ನಿಂತರೆ ಚೀಸ್ ಎಣ್ಣೆ ಬಿಡುತ್ತದೆ. ಇದಕ್ಕೆ ನಾನು ಸೇರಿಸುವ ಮೆಣಸಿನ ಬಿಸಿಗೆ ಕಾವಲಿಯ ಹಂಗಿಲ್ಲ, ಅದು ಹುಟ್ಟುವುದು ನಮ್ಮ ನಾಲಿಗೆಯಲ್ಲಿ. ಇವು ಮೂರೂ ಒಂದೇ ಗಳಿಗೆಗೆ ಬಂದು ಸೇರಬೇಕು. ಗರಿಗರಿಯಾದ ಹೊರಮೈ, ಕೆನೆಯಂತೆ ಹರಿಯುವ ಒಳಗು, ಹಿಂದಿನಿಂದ ಮೆಲ್ಲಗೆ ಏರುವ ಖಾರ ಎಂದು ಹೊಗಳಿಸಿಕೊಳ್ಳುವ ಸ್ಯಾಂಡ್‌ವಿಚ್ಚಿನ ಗುಟ್ಟು ಇಷ್ಟೇ.

ಮೊದಲು ಕಾವಲಿಯ ವಿಷಯ. ನೀರುದೋಸೆಗೆ ಕಾವಲಿ ಕಾದಿದೆಯೋ ಎಂದು ನೋಡಲು ನಾವು ನೀರು ಚಿಮುಕಿಸುತ್ತೇವೆ. ಹನಿ ಬಿದ್ದ ಕೂಡಲೇ ಮುತ್ತಿನಂತೆ ಉರುಟಾಗಿ ಆಚೀಚೆ ಓಡಿದರೆ ಕಾವಲಿ ಹದಕ್ಕೆ ಬಂದಿದೆ ಎಂದು ಲೆಕ್ಕ. ಓಡುವುದೇಕೆಂದರೆ ಹನಿಯ ಅಡಿಯಲ್ಲಿ ತಕ್ಷಣ ಆವಿಯ ಪದರ ಎದ್ದು ಹನಿಯನ್ನು ಎತ್ತಿ ಹಿಡಿಯುತ್ತದೆ, ಅದು ಕಬ್ಬಿಣವನ್ನು ಮುಟ್ಟುವುದೇ ಇಲ್ಲ. 1756ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟವನು ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್; ನಮ್ಮ ಅಜ್ಜಿಯಂದಿರಿಗೆ ಅವನ ಹೆಸರು ಗೊತ್ತಿರಲಿಲ್ಲ, ಹನಿಯ ಓಟ ಗೊತ್ತಿತ್ತು. ಹೀಗೆ ಹನಿ ಓಡಬೇಕಾದರೆ ಕಾವಲಿ 200 ಡಿಗ್ರಿಯ ಹತ್ತಿರ ಇರಬೇಕು. ದೋಸೆಹಿಟ್ಟು ತೆಳ್ಳಗಿನ ನೀರು. ಅಷ್ಟು ಬಿಸಿಯನ್ನು ನುಂಗಿ ಅದು ಕ್ಷಣದಲ್ಲಿ ಬೇಯುತ್ತದೆ. ಬ್ರೆಡ್ ಹಾಗಲ್ಲ. ಅದು ಆಗಲೇ ಬೆಂದು ಒಣಗಿದ ಪದಾರ್ಥ, ಒಳಗೆಲ್ಲ ಗಾಳಿಯ ಗೂಡು. ಹಿಂದೆ ಮುಳಿಹುಲ್ಲಿನ ಮಾಡಿನ ಮನೆ ಬೇಸಗೆಯಲ್ಲಿ ಏಕೆ ತಂಪಾಗಿರುತ್ತಿತ್ತು? ಹುಲ್ಲಿನ ಎಸಳುಗಳ ನಡುವೆ ಸಿಕ್ಕಿಬಿದ್ದ ಗಾಳಿ ಬಿಸಿಲನ್ನು ಒಳಗೆ ಬಿಡುತ್ತಿರಲಿಲ್ಲ. ಬ್ರೆಡ್ ಕೂಡ ಚೀಸಿಗೆ ಮುಳಿಹುಲ್ಲಿನ ಮಾಡು. ಹೊರಗೆ ಬೆಂಕಿ ಬಿದ್ದರೂ ಒಳಗಿನವನಿಗೆ ಸುದ್ದಿ ತಲುಪುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಹಾಗಾಗಿ ಉರಿ ಸಣ್ಣದಿರಬೇಕು. ನೀರು ಚಿಮುಕಿಸಿದಾಗ ಹನಿ ಓಡಬಾರದು. ಬಿದ್ದಲ್ಲೇ ಸುಂಯ್ ಎಂದು ಕುದಿದು ಎರಡು ಮೂರು ಸೆಕೆಂಡಿನಲ್ಲಿ ಆರಿಹೋಗಬೇಕು. ಬೀಡಿನ ಕಾವಲಿ ದಪ್ಪ, ಬಿಸಿಯನ್ನು ಕೂಡಿಟ್ಟುಕೊಳ್ಳುವ ಜಿಪುಣ. ಒಮ್ಮೆ ಕಾದರೆ ಉರಿ ತಗ್ಗಿಸಿದರೂ ಬೇಗ ಇಳಿಯದು. ಅದನ್ನು ಮೊದಲಿನಿಂದಲೇ ಸಣ್ಣ ಉರಿಯಲ್ಲಿಟ್ಟು ಏಳೆಂಟು ನಿಮಿಷ ಕಾಯಿಸುವುದು ಒಳ್ಳೆಯದು. ತೆಳು ಅಲ್ಯೂಮಿನಿಯಂ ಬಾಣಲೆಯಾದರೆ ಉರಿ ತಾಗುವ ನಡುಭಾಗದಲ್ಲಿ ಮಾತ್ರ ಕಪ್ಪಾಗುತ್ತದೆ, ಆಗಾಗ ಬ್ರೆಡ್ಡನ್ನು ತಿರುಗಿಸುತ್ತಿರಬೇಕು. ಒಲೆಯ ಮೇಲೆ ಹಿಡಿಯುವ ಎರಡು ಹಿಡಿಕೆಯ ಟೋಸ್ಟರ್ ಕೂಡ ಆಗುತ್ತದೆ, ಆದರೆ ಒಳಗೆ ಏನಾಗುತ್ತಿದೆ ಎಂದು ಅದು ತೋರಿಸುವುದಿಲ್ಲ. ನನಗೆ ಅದು ಒಗ್ಗಲಿಲ್ಲ. ಅಂದಹಾಗೆ, ಹೆಸರಿನಲ್ಲಿ ಗ್ರಿಲ್ ಇದ್ದರೂ ಅಮೆರಿಕದಲ್ಲಿ ಇದನ್ನು ಕಾವಲಿಯಂಥ ತಟ್ಟೆಯ ಮೇಲೆಯೇ ಮಾಡುತ್ತಾರೆ. ಕೆಂಡ, ಸರಳು ಯಾವುದೂ ಬೇಡ.

ಹೊಂಬಣ್ಣ ಬರುವುದು ಹೇಗೆ? ಹಿಟ್ಟಿನ ಪ್ರೋಟೀನಿನ ತುಣುಕುಗಳೂ ಸಕ್ಕರೆಯೂ ಒಣಬಿಸಿಯಲ್ಲಿ ಒಂದಕ್ಕೊಂದು ಕೂಡಿ ನೂರಾರು ಹೊಸ ವಾಸನೆಗಳನ್ನು ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ಇದನ್ನು ವರ್ಣಿಸಿದ್ದರಿಂದ ಮಯಾರ್ ಕ್ರಿಯೆ ಎಂದು ಹೆಸರು. ನೀರಿನಂಶ ಇರುವವರೆಗೆ ಬ್ರೆಡ್ಡಿನ ಮೈ 100 ಡಿಗ್ರಿ ದಾಟದು, ಬಣ್ಣವೂ ಬಾರದು. ನಿನ್ನೆಯ ಬ್ರೆಡ್ ಇವತ್ತಿನದಕ್ಕಿಂತ ಚೆನ್ನಾಗಿ ಗರಿಯಾಗುವುದು ಇದರಿಂದಲೇ. ನಮ್ಮ ಕಡೆಯ ಬೇಕರಿ ಬ್ರೆಡ್ಡಿನಲ್ಲಿ ಸಕ್ಕರೆ ಸ್ವಲ್ಪ ಜಾಸ್ತಿ. ಈ ಕರಾವಳಿಗೆ ಬೇಕರಿಯ ಚಾಳಿ ಹಳೆಯದು. ನಮ್ಮಿಂದ ತೆಂಕಿನ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು ಬಿಸ್ಕತ್ತಿನ ಕಾರ್ಖಾನೆ ತೆರೆದದ್ದು 1880ರಲ್ಲಿ. ಸಕ್ಕರೆ ಹೆಚ್ಚಿದ್ದಷ್ಟೂ ಬಣ್ಣ ಬೇಗ ಬರುತ್ತದೆ, ಕರಟುವುದೂ ಬೇಗ. ಸಿಹಿ ಬ್ರೆಡ್ಡೇ ಗತಿಯಾದರೆ ಉರಿಯನ್ನು ಇನ್ನೂ ಒಂದು ಸುತ್ತು ತಗ್ಗಿಸಿ.

ಬೆಣ್ಣೆಯನ್ನು ಕಾವಲಿಗೆ ಹಾಕಬೇಡಿ, ಬ್ರೆಡ್ಡಿಗೆ ಸವರಿ. ಕಾವಲಿಗೆ ಹಾಕಿದರೆ ಅದು ತಗ್ಗಿನ ಕಡೆ ಓಡಿ ಬ್ರೆಡ್ಡಿನ ಒಂದು ಮೂಲೆಗೆ ಮಾತ್ರ ಸಿಗುತ್ತದೆ. ಅಂಗಡಿಯ ಬೆಣ್ಣೆಯಲ್ಲಿ 80 ಪಾಲು ಕೊಬ್ಬು, 16ರಷ್ಟು ನೀರು, ಉಳಿದದ್ದು ಹಾಲಿನ ಪುಡಿಯಂಶ ಮತ್ತು ಉಪ್ಪು. ಆ ಪುಡಿಯಂಶವೇ ಪರಿಮಳದ ಮೂಲ, ಮೊದಲು ಕರಟುವುದೂ ಅದೇ. ತುಪ್ಪದಲ್ಲಿ ಅದು ಇಲ್ಲ. ಬೆಣ್ಣೆಯಷ್ಟು ಬೇಗ ಕರಟದು, ಆದರೆ ಬ್ರೆಡ್ಡಿಗೆ ಬೆಣ್ಣೆಯ ಆ ಹುರಿದ ಗೇರುಬೀಜದಂಥ ಘಮ ಬಾರದು. ನಾನು ಎರಡನ್ನೂ ಸಮಸಮ ಕಲಸಿ ಸವರುತ್ತೇನೆ. ತೆಂಗಿನೆಣ್ಣೆಯಲ್ಲೂ ಮಾಡಿ ನೋಡಿದೆ, ಕಾಸರಗೋಡಿನಲ್ಲಿ ಹುಟ್ಟಿ ಅಷ್ಟೂ ಮಾಡದಿದ್ದರೆ ಹೇಗೆ? ಗರಿ ಚೆನ್ನಾಗಿ ಬರುತ್ತದೆ, ಆದರೆ ಗಾಣದ ಎಣ್ಣೆಯ ವಾಸನೆ ಚೀಸಿನ ಜೊತೆ ಜಗಳ ಮಾಡುತ್ತದೆ. ನಮ್ಮ ಮನೆಯಲ್ಲಿ ಒಬ್ಬರಿಗೆ ಅದೇ ಇಷ್ಟ. ಆ ಒಬ್ಬರ ರುಚಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಇನ್ನು ಚೀಸ್. ಎರಡನೆಯ ಪ್ರಯತ್ನದಲ್ಲಿ ಚೀಸ್ ಮುಗಿದಿತ್ತು, ಪನೀರ್ ತುರಿದು ಹಾಕಿದೆ. ಈ ಸಲ ಉರಿ ಸಣ್ಣದೇ ಇತ್ತು. ಹತ್ತು ನಿಮಿಷ ಕಾದೆ. ಪನೀರ್ ಬಿಸಿಯಾಯಿತು, ನೀರು ಬಿಟ್ಟಿತು, ಕರಗಲಿಲ್ಲ. ಹಾಲಿನಿಂದಲೇ ಆದ ಎರಡು ಪದಾರ್ಥ, ಒಂದು ನೂಲಿನಂತೆ ಎಳೆಯುತ್ತದೆ, ಇನ್ನೊಂದು ರವೆಯಂತೆ ಉದುರುತ್ತದೆ. ಉತ್ತರ ಇರುವುದು ಹಾಲು ಹೇಗೆ ಗಟ್ಟಿಯಾಯಿತು ಎಂಬುದರಲ್ಲಿ.

ಹಾಲಿನ ಮುಖ್ಯ ಪ್ರೋಟೀನು ಕೇಸೀನ್. ತೆಂಗಿನ ನಾರನ್ನು ನೆನೆಸಿಕೊಳ್ಳಿ. ಕೇಸೀನಿನ ಎಳೆಗಳು ಹಾಗೆ ಸಣ್ಣ ಸಣ್ಣ ಕಟ್ಟುಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತವೆ, ಪ್ರತಿ ಕಟ್ಟನ್ನೂ ಒಳಗಿನಿಂದ ಬಿಗಿದಿರುವ ದಾರ ಕ್ಯಾಲ್ಸಿಯಂ. ಪನೀರಿಗೆ ನಾವು ಹಾಲನ್ನು ಕುದಿಸಿ ನಿಂಬೆಹುಳಿ ಹಿಂಡುತ್ತೇವೆ. ಹುಳಿ ಕ್ಯಾಲ್ಸಿಯಂ ದಾರವನ್ನು ಕರಗಿಸಿಬಿಡುತ್ತದೆ, ಕುದಿದ ಬಿಸಿಗೆ ಹಾಲಿನ ಉಳಿದ ಪ್ರೋಟೀನೂ ಬಂದು ಎಳೆಗಳಿಗೆ ಅಂಟಿಕೊಳ್ಳುತ್ತದೆ. ಎಳೆಗಳು ದಾರದ ನೆರವಿಲ್ಲದೆ ನೇರವಾಗಿ ಒಂದಕ್ಕೊಂದು ತಬ್ಬಿಕೊಂಡು ಮುದ್ದೆಯಾಗುತ್ತವೆ. ಮತ್ತೆ ಬಿಸಿ ಮಾಡಿದರೆ ಆ ತಬ್ಬುಗೆ ಇನ್ನಷ್ಟು ಬಿಗಿಯಾಗುತ್ತದೆಯೇ ಹೊರತು ಸಡಿಲವಾಗದು. ಚೀಸಿಗೆ ಹಾಗೆ ಹುಳಿ ಹಿಂಡಿ ಒಡೆಯುವುದಿಲ್ಲ. ರೆನೆಟ್ ಎಂಬ ಕಿಣ್ವ ಹಾಕಿ, ಕುದಿಸದೆ, ಬೆಚ್ಚಗಿನ ಹಾಲನ್ನೇ ಹೆಪ್ಪುಗಟ್ಟಿಸುತ್ತಾರೆ. ಕಟ್ಟುಗಳ ಹೊರಗಿನ ರೋಮದಂಥ ಪದರವನ್ನು ಕಿಣ್ವ ಕತ್ತರಿಸುತ್ತದೆ, ಕಟ್ಟುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಕ್ಯಾಲ್ಸಿಯಂ ದಾರ ಬಹುಪಾಲು ಒಳಗೇ ಉಳಿಯುತ್ತದೆ. ಬಿಸಿ ತಗುಲಿದಾಗ ಕಟ್ಟು ಸಡಿಲಗೊಂಡು ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಆ ಜಾರುವುದನ್ನೇ ನಾವು ಕರಗುವುದು ಎನ್ನುತ್ತೇವೆ. ಪಿಜ್ಜಾಕ್ಕೆ ಹಾಕುವ ಮೊಝರೆಲ್ಲಾ ಚೀಸಿನಲ್ಲಿ ಹುಳಿಯನ್ನು ಅಳೆದು ಬರಿಸಿ ದಾರವನ್ನು ಅರ್ಧಂಬರ್ಧ ಕರಗಿಸಿರುತ್ತಾರೆ; ಎಳೆಗಳು ಉದ್ದಕ್ಕೆ ಎಳೆಯುತ್ತವೆ, ಕಡಿಯುವುದಿಲ್ಲ. ಹಳತಾದ ಚೆಡ್ಡಾರ್ ಚೀಸಿನಲ್ಲಿ ಎಳೆಗಳು ತಿಂಗಳುಗಟ್ಟಲೆ ತುಂಡುತುಂಡಾಗಿ ಮೊಟಕಾಗಿರುತ್ತವೆ. ರುಚಿ ಜೋರು, ಎಳೆತವಿಲ್ಲ, ಬಿಸಿ ಮಿತಿಮೀರಿದರೆ ಎಣ್ಣೆ ಹೊರಗೆ ಬಂದು ಬ್ರೆಡ್ಡನ್ನು ಒದ್ದೆ ಮಾಡುತ್ತದೆ.

ರೆನೆಟ್ ಎಂದ ಕೂಡಲೇ ನಮ್ಮ ಅಮ್ಮನ ಕಿವಿ ನೆಟ್ಟಗಾಯಿತು. "ಅದರಲ್ಲಿ ಕರುವಿನ ಹೊಟ್ಟೆಯದ್ದೇನೋ ಇರುತ್ತದಂತೆ, ಹೌದೋ?" ಹಳೆಯ ಪದ್ಧತಿಯಲ್ಲಿ ಹೌದು, ಹಾಲು ಕುಡಿಯುವ ಕರುವಿನ ಜಠರದಿಂದಲೇ ಅದನ್ನು ತೆಗೆಯುತ್ತಿದ್ದರು, ಯುರೋಪಿನ ಕೆಲವು ಚೀಸುಗಳಿಗೆ ಈಗಲೂ ತೆಗೆಯುತ್ತಾರೆ. ಶಿಲೀಂಧ್ರಗಳಿಂದ, ಸೂಕ್ಷ್ಮಜೀವಿಗಳಿಂದ ಅದೇ ಕೆಲಸದ ಕಿಣ್ವ ಪಡೆಯುವುದು ಈಗ ಸಾಮಾನ್ಯ. ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕೆ ಇದ್ದರೆ ಅದು ಅಂಥದ್ದು. ಚುಕ್ಕೆ ತೋರಿಸಿದ ಮೇಲೆ ಅಮ್ಮ ಒಂದು ತುಂಡು ತಿಂದರು. "ಗಿಣ್ಣಿನ ಹಾಗೇನೂ ಇಲ್ಲ" ಎಂದರು. ನಿಘಂಟುಗಳು ಚೀಸಿಗೆ ಗಿಣ್ಣು ಎಂದು ಅರ್ಥ ಕೊಟ್ಟು ನಮ್ಮನ್ನು ದಾರಿ ತಪ್ಪಿಸಿವೆ. ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲು ಬರೇ ಆವಿಗೆ ಗಟ್ಟಿಯಾಗುವುದು ಅದರಲ್ಲಿ ಬಿಸಿಗೆ ಹೆಪ್ಪಾಗುವ ಬೇರೆ ಪ್ರೋಟೀನು ಹೇರಳವಾಗಿರುವುದರಿಂದ. ಕಿಣ್ವ ಬೇಡ, ಹುಳಿ ಬೇಡ. ಏಳು ಭಾಷೆಯ ನಾಡು ನಮ್ಮದು, ಆದರೂ ಅಂಗಡಿಗೆ ಹೋದರೆ ಎಲ್ಲರೂ ಕೇಳುವುದು ಚೀಸ್ ಎಂದೇ. ಅದೇ ಇರಲಿ.

ಈಗ ಕೆನೆಯ ಪ್ರಶ್ನೆ. ಬರೀ ಮೊಝರೆಲ್ಲಾ ಹಾಕಿದರೆ ಎಳೆ ಬರುತ್ತದೆ, ಕೆನೆತನ ಬರುವುದಿಲ್ಲ; ಎರಡು ನಿಮಿಷ ಆರಿದರೆ ರಬ್ಬರು. ಕೆನೆತನಕ್ಕೆ ಕೊಬ್ಬು, ನೀರು, ಪ್ರೋಟೀನು ಮೂರೂ ಬೇರ್ಪಡದೆ ಒಂದಾಗಿ ನಿಲ್ಲಬೇಕು. ಇಲ್ಲಿ ಕೈಹಿಡಿಯುವುದು, ಚೀಸ್ ಬಲ್ಲವರು ಮೂಗು ಮುರಿಯುವ, ಡಬ್ಬಿಯ ಸಂಸ್ಕರಿತ (ಪ್ರೋಸೆಸ್ಡ್) ಚೀಸ್. 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಸ್ ಸ್ಟೆಟ್ಲರ್ ಇದನ್ನು ಕಂಡುಹಿಡಿದರು. ಚೀಸನ್ನು ಕರಗಿಸುವಾಗ ಸಿಟ್ರೇಟ್ ಲವಣ ಸೇರಿಸಿದರೆ ಎಣ್ಣೆ ಬಿಡುವುದಿಲ್ಲ ಎಂಬುದು ಅವರ ಶೋಧ. ಆ ಲವಣ ಕೇಸೀನಿನ ಕಟ್ಟಿನಿಂದ ಕ್ಯಾಲ್ಸಿಯಂ ದಾರವನ್ನು ಎಳೆದುಕೊಂಡು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ. ಬಿಚ್ಚಿಕೊಂಡ ಎಳೆಗಳು ಒಂದು ಕೈಯಲ್ಲಿ ಕೊಬ್ಬನ್ನೂ ಇನ್ನೊಂದರಲ್ಲಿ ನೀರನ್ನೂ ಹಿಡಿದುಕೊಳ್ಳುತ್ತವೆ. ಪ್ಯಾಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿ 331, 339, 452 ಎಂಬ ಸಂಖ್ಯೆಗಳು ಕಂಡರೆ ಹೆದರಬೇಡಿ, ಅವು ಇವೇ ಸಿಟ್ರೇಟು, ಫಾಸ್ಫೇಟುಗಳು. ನೋಡಬೇಕಾದದ್ದು ಬೇರೆ: ಪದಾರ್ಥಗಳ ಪಟ್ಟಿಯಲ್ಲಿ ಹಾಲಿಗಿಂತ ಮೊದಲು ಸಸ್ಯಜನ್ಯ ಎಣ್ಣೆ ಬಂದಿದ್ದರೆ ಅದು ಚೀಸಿನ ವೇಷ ಹಾಕಿದ ಇನ್ನೇನೋ. ಅದನ್ನು ಕೊಳ್ಳದಿರಿ.

ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮೊಝರೆಲ್ಲಾ, ಉಳಿದದ್ದು ಸಂಸ್ಕರಿತ ಚೀಸ್. ಸಂಸ್ಕರಿತದೊಳಗಿನ ಸಿಟ್ರೇಟು ಮೊಝರೆಲ್ಲಾಕ್ಕೂ ಸ್ವಲ್ಪ ಸಾಲ ಕೊಡುತ್ತದೆ. ಸಂಸ್ಕರಿತ ಚೀಸ್ ಮನೆಗೆ ತರುವುದೇ ಇಲ್ಲ ಎನ್ನುವ ಹಟದವರಿಗೆ ಇನ್ನೊಂದು ದಾರಿ ಇದೆ. ಒಂದು ರಸವತ್ತಾದ ನಿಂಬೆಹಣ್ಣಿನ ನಾಲ್ಕು ಚಹಾಚಮಚ ರಸಕ್ಕೆ ಮೂರರಲ್ಲೊಂದು ಚಹಾಚಮಚ ಅಡುಗೆ ಸೋಡಾ ಹಾಕಿ. ಬುಸ್ಸೆಂದು ನೊರೆ ಉಕ್ಕುತ್ತದೆ. ನೊರೆ ಪೂರ್ತಿ ಇಳಿದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಹುಳಿಯೂ ಅಲ್ಲದ ಸೋಡಾವೂ ಅಲ್ಲದ, ತುಸು ಉಪ್ಪುಪ್ಪಾದ ಸೋಡಿಯಂ ಸಿಟ್ರೇಟಿನ ನೀರು. ಅದಕ್ಕೆ ಮೂರು ಚಮಚ ಹಾಲು ಸೇರಿಸಿ ಬಿಸಿ ಮಾಡಿ, ತುರಿದ ಚೆಡ್ಡಾರನ್ನು ನೂರು ಗ್ರಾಮಿನಷ್ಟು ಸ್ವಲ್ಪ ಸ್ವಲ್ಪವೇ ಹಾಕುತ್ತ ಕದಡಿದರೆ ಒಂದು ಹನಿ ಎಣ್ಣೆಯೂ ಬಿಡದೆ ರೇಷಿಮೆಯಂತೆ ಕರಗುತ್ತದೆ. ಹತ್ತನೆಯ ತರಗತಿಯ ಆಮ್ಲ ಮತ್ತು ಕ್ಷಾರದ ಪಾಠವನ್ನು ಈ ನೊರೆ ತೋರಿಸಿ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಅಮೆರಿಕದವರು ಕೆನೆತನಕ್ಕೆ ಕ್ರೀಂ ಚೀಸ್ ಬಳಸುತ್ತಾರೆ. ನಮ್ಮಲ್ಲಿ ಅದು ದುಬಾರಿ, ಪೇಟೆಯಲ್ಲಿ ಕೇಳಿದಾಗ ಸಿಗುವುದೂ ಇಲ್ಲ. ನಾನು ಬಟ್ಟೆಯಲ್ಲಿ ಕಟ್ಟಿ ಮೂರು ನಾಲ್ಕು ಗಂಟೆ ನೀರಿಳಿಸಿದ ಮೊಸರನ್ನು ಹಾಕುತ್ತೇನೆ. ಆದರೆ ಮೊಸರನ್ನು ನೇರವಾಗಿ ಬಿಸಿಗೆ ಒಡ್ಡಿದರೆ ಒಡೆದು ನೀರಾಗುತ್ತದೆ. ಮೇಲಾರ, ಅಂದರೆ ನಮ್ಮ ಕಡೆಯ ಮಜ್ಜಿಗೆಹುಳಿ, ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಮಜ್ಜಿಗೆ ಬಿದ್ದ ಮೇಲೆ ಒಂದು ಕುದಿ ಕಂಡೊಡನೆ ಇಳಿಸಬೇಕು, ಅರೆದ ತೆಂಗಿನಕಾಯಿ ಅದನ್ನು ಹಿಡಿದಿಡುತ್ತದೆ, ಕೆಲವರು ಒಂದು ಚಿಟಿಕೆ ಅಕ್ಕಿಯನ್ನೂ ಅರೆದು ಸೇರಿಸುತ್ತಾರೆ. ಅಕ್ಕಿಯ ಪಿಷ್ಟ ಬಿಸಿಯಲ್ಲಿ ಊದಿಕೊಂಡು ಪ್ರೋಟೀನಿನ ಕಣಗಳ ನಡುವೆ ಅಡ್ಡ ನಿಲ್ಲುತ್ತದೆ. ಅವು ಕೂಡಿ ಗಂಟಾಗಲು ಬಿಡುವುದಿಲ್ಲ. ಸ್ಯಾಂಡ್‌ವಿಚ್ಚಿನಲ್ಲಿ ಈ ಕೆಲಸಕ್ಕೆ ಒಂದು ಚಹಾಚಮಚ ಮೈದಾ ಸಾಕು.

ಮೂರನೆಯ ಬಿಸಿ, ಖಾರ. ನಮ್ಮ ಹಟ್ಟಿಯ ಹಿಂದೆ ಯಾರೂ ನೆಡದ ಗಾಂಧಾರಿ ಮೆಣಸಿನ ಗಿಡವೊಂದಿದೆ. ನೆಟ್ಟದ್ದು ಪಿಕಳಾರ ಹಕ್ಕಿ. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಹಕ್ಕಿಗಳಿಗೆ ತಾಗುವುದೇ ಇಲ್ಲ, ಹಾಯಾಗಿ ನುಂಗಿ ಬೀಜವನ್ನು ಎಲ್ಲೋ ಉದುರಿಸುತ್ತವೆ. ನಮಗೆ ತಾಗುತ್ತದೆ, ಏಕೆಂದರೆ ನಮ್ಮ ನಾಲಿಗೆಯ ನರತುದಿಗಳಲ್ಲಿ 43 ಡಿಗ್ರಿಗಿಂತ ಹೆಚ್ಚಿನ ಬಿಸಿ ತಗುಲಿದಾಗ ಎಚ್ಚರಿಸುವ ಒಂದು ಗ್ರಾಹಕವಿದೆ. ಕ್ಯಾಪ್ಸೈಸಿನ್ ಅದೇ ಬೀಗಕ್ಕೆ ಹೊಂದುವ ಕಳ್ಳಕೀಲಿ. ಬಾಯಿ ಸುಡದಿದ್ದರೂ ಸುಟ್ಟಿತು ಎಂದು ಮೆದುಳಿಗೆ ಸುದ್ದಿ ಹೋಗುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಬಿಸಿಬಿಸಿ ಚೀಸಿನೊಳಗಿನ ಮೆಣಸು ಆರಿದ ಚೀಸಿನೊಳಗಿನದಕ್ಕಿಂತ ಹೆಚ್ಚು ಖಾರ ಅನ್ನಿಸುವುದೂ ಇದರಿಂದಲೇ: ಬಿಸಿಯೂ ಮೆಣಸೂ ಒಂದೇ ಬಾಗಿಲನ್ನು ಬಡಿಯುತ್ತವೆ.

ಆದರೆ ಚೀಸ್ ಖಾರದ ವೈರಿ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಾಲಿನ ಕೇಸೀನ್ ಅದನ್ನು ನಾಲಿಗೆಯಿಂದ ತೊಳೆದುಕೊಂಡು ಹೋಗುತ್ತದೆ. ಖಾರ ನೆತ್ತಿಗೇರಿದವರಿಗೆ ನೀರಿನ ಬದಲು ಮಜ್ಜಿಗೆ ಕೊಡುವುದು ಸುಮ್ಮನೆ ಅಲ್ಲ. ಸಾರಿಗೆ ಹಾಕುವ ಅಳತೆಯಲ್ಲಿ ಮೆಣಸು ಹಾಕಿದರೆ ಚೀಸಿನಲ್ಲಿ ಅದು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ನಾನು ಖಾರವನ್ನು ಎರಡು ಬಗೆಯಲ್ಲಿ ಕೊಡುತ್ತೇನೆ. ಒಂದು, ಗಾಂಧಾರಿಯನ್ನು ಸೀಳಿ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸುವುದು. ಖಾರ ಬೆಣ್ಣೆಗಿಳಿದು ಚೀಸಿನ ಉದ್ದಗಲಕ್ಕೂ ಹರಡುತ್ತದೆ, ತಿಂದ ಮೇಲೆ ನಿಧಾನವಾಗಿ ಏಳುತ್ತದೆ. ಸೀಳದೆ ಹಾಕಿದರೆ ಅದು ಸಿಡಿದು ಕಣ್ಣಿಗೆ ಬೀಳುವ ಭಯ. ಉರಿ ಜೋರಾದರೆ ಘಾಟು ಎದ್ದು ಚಾವಡಿಯಲ್ಲಿ ಕುಳಿತವರೂ ಕೆಮ್ಮುತ್ತಾರೆ. ಇನ್ನೊಂದು, ಮಜ್ಜಿಗೆ ಮೆಣಸು. ಬೇಸಗೆಯಲ್ಲಿ ಒಣಗಿಸಿ ಭರಣಿಯಲ್ಲಿ ತುಂಬಿಟ್ಟದ್ದನ್ನು ಎಣ್ಣೆಯಲ್ಲಿ ಕಪ್ಪಗೆ ಹುರಿದು, ಆರಿದ ಮೇಲೆ ಬೆರಳಲ್ಲಿ ಪುಡಿ ಮಾಡಿ ಉದುರಿಸುವುದು. ಇದು ಕರಗಿ ಹರಡುವುದಿಲ್ಲ. ಹಲ್ಲಿಗೆ ಸಿಕ್ಕಲ್ಲಿ ಮಾತ್ರ ಕಟಂ ಎಂದು ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಬಿಡುತ್ತದೆ. ಇಡೀ ಸ್ಯಾಂಡ್‌ವಿಚ್ಚಿನಲ್ಲಿ ನನಗೆ ಅತಿ ಪ್ರಿಯವಾದದ್ದು ಈ ಕಟಂ. ಗಾಂಧಾರಿ ತಡೆಯದವರು ಬೀಜ ತೆಗೆದು ಫಲವಿಲ್ಲ. ಖಾರ ಇರುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ, ಬೀಜಕ್ಕೆ ಅದು ತಾಗಿದ್ದಷ್ಟೇ. ಅವರಿಗೆ ಅಡಿಕೆ ಮರಕ್ಕೆ ಹಬ್ಬಿದ ಒಳ್ಳೆಮೆಣಸೇ (ಕಾಳುಮೆಣಸು) ಲೇಸು. ಪೋರ್ಚುಗೀಸರು ಕಾಯಿಮೆಣಸು ತರುವ ಮೊದಲು ನಮ್ಮ ಹಿರಿಯರ ಖಾರ ಹೆಚ್ಚಾಗಿ ಅದರಲ್ಲೇ ಇತ್ತು. ಅದರ ಪೈಪರಿನ್ ಕೂಡ ಅದೇ ಗ್ರಾಹಕವನ್ನು ತಟ್ಟುತ್ತದೆ, ಮೆಲ್ಲಗೆ.

ಇನ್ನು ಮಾಡುವ ಕ್ರಮ, ಎರಡು ಸ್ಯಾಂಡ್‌ವಿಚ್ಚಿಗೆ. ಸಣ್ಣ ಪಾತ್ರೆಯಲ್ಲಿ ಎರಡು ಚಹಾಚಮಚ ಬೆಣ್ಣೆ ಕರಗಿಸಿ ಸೀಳಿದ ನಾಲ್ಕು ಗಾಂಧಾರಿ ಬಾಡಿಸಿ. ಮೆಣಸನ್ನು ತೆಗೆದು ಸಣ್ಣಗೆ ಹೆಚ್ಚಿಡಿ. ಅದೇ ಬೆಣ್ಣೆಗೆ ಒಂದು ಚಹಾಚಮಚ ಮೈದಾ ಹಾಕಿ ಹಸಿವಾಸನೆ ಹೋಗುವವರೆಗೆ ಹುರಿಯಿರಿ, ಬಣ್ಣ ಬದಲಾಗಬಾರದು. ಕಾಲು ಕಪ್ ಹಾಲನ್ನು ಸ್ವಲ್ಪ ಸ್ವಲ್ಪವೇ ಎರೆಯುತ್ತ ಗಂಟಾಗದಂತೆ ಕದಡಿ. ಸೌಟಿನ ಬೆನ್ನಿಗೆ ಅಂಟುವಷ್ಟು ದಪ್ಪವಾದಾಗ ಒಲೆ ಆರಿಸಿ. ಒಲೆ ಆರಿಸಿದ ಮೇಲೆಯೇ ಸಂಸ್ಕರಿತ ಚೀಸಿನ ಎರಡು ಕ್ಯೂಬುಗಳನ್ನು ತುರಿದು ಹಾಕಬೇಕು, ಪಾತ್ರೆಯ ಬಿಸಿಯೇ ಅದಕ್ಕೆ ಸಾಕು. ಆಮೇಲೆ ಒಂದು ದೊಡ್ಡ ಚಮಚ ಕಟ್ಟಿದ ಮೊಸರು, ಹೆಚ್ಚಿಟ್ಟ ಗಾಂಧಾರಿ, ಒಂದು ಎಸಳು ಬೆಳ್ಳುಳ್ಳಿ ಜಜ್ಜಿದ್ದು. ಉಪ್ಪು ಹಾಕಬೇಡಿ. ಚೀಸಿನಲ್ಲಿದೆ, ಮಜ್ಜಿಗೆ ಮೆಣಸಿನಲ್ಲಂತೂ ಧಾರಾಳವಾಗಿದೆ. ಒಮ್ಮೆ ಮರೆತು ಹಾಕಿ ಸ್ಯಾಂಡ್‌ವಿಚ್ಚನ್ನು ಗಂಜಿಗೆ ನಂಜಿಕೊಂಡು ತಿಂದಿದ್ದೇವೆ. ಈ ಮಿಶ್ರಣ ಆರಿದಂತೆ ಬೆಣ್ಣೆಯ ಹದಕ್ಕೆ ಬರುತ್ತದೆ.

ಅರುವತ್ತು ಗ್ರಾಮಿನಷ್ಟು ಮೊಝರೆಲ್ಲಾವನ್ನು ಇಡಿಯಾಗಿ ತಂದು ಆಗಲೇ ತುರಿಯಿರಿ. ತುರಿದೇ ಮಾರುವ ಪ್ಯಾಕೆಟ್ಟಿನಲ್ಲಿ ಎಳೆಗಳು ಅಂಟಿಕೊಳ್ಳದಂತೆ ಪಿಷ್ಟವನ್ನೋ ಸೆಲ್ಯುಲೋಸನ್ನೋ ಸವರಿರುತ್ತಾರೆ. ಬಾಣಲೆಯಲ್ಲೂ ಅವು ಕೂಡಿಕೊಳ್ಳಲು ಹಿಂಜರಿಯುತ್ತವೆ. ತುರಿದದ್ದನ್ನು ಅರ್ಧ ಗಂಟೆ ಹೊರಗಿಡಿ. ಫ್ರಿಜ್ಜಿನ 5 ಡಿಗ್ರಿಯಿಂದ 60ಕ್ಕೆ ಏರುವುದಕ್ಕೂ ಅಡುಗೆಮನೆಯ 30ರಿಂದ ಏರುವುದಕ್ಕೂ ಅರ್ಧದಷ್ಟು ವ್ಯತ್ಯಾಸ. ನನ್ನ ಮೊದಲ ಸ್ಯಾಂಡ್‌ವಿಚ್ ಸೋತದ್ದಕ್ಕೆ ಇದೂ ಒಂದು ಕಾರಣ.

ನಾಲ್ಕು ತುಂಡು ಬ್ರೆಡ್ಡಿನ ಒಳಮೈಗೆ ಕೆನೆಮಿಶ್ರಣ ಸವರಿ. ಎರಡರ ಮೇಲೆ ಮೊಝರೆಲ್ಲಾ ಹರಡಿ, ಅಂಚಿನಲ್ಲಿ ಅರ್ಧ ಬೆರಳು ಜಾಗ ಬಿಡಿ. ಮಜ್ಜಿಗೆ ಮೆಣಸಿನ ಪುಡಿ ಉದುರಿಸಿ ಉಳಿದೆರಡನ್ನು ಮುಚ್ಚಿ. ನೀರುಳ್ಳಿ ಬೇಕೆನ್ನುವವರು ಕೆಂಪಗೆ ಹುರಿದು ಹಾಕಿ. ಹಸಿ ನೀರುಳ್ಳಿ, ಟೊಮೆಟೊ ಒಳಗೆ ನೀರು ಬಿಟ್ಟು ಬ್ರೆಡ್ಡನ್ನು ಮುದ್ದೆ ಮಾಡುತ್ತವೆ. ಹೊರಮೈಗೆ ಬೆಣ್ಣೆತುಪ್ಪ ಸವರಿ ಕಾವಲಿಯ ಮೇಲಿಡಿ, ಸಟ್ಟುಗದಲ್ಲಿ ಒಮ್ಮೆ ಮೆಲ್ಲಗೆ ಒತ್ತಿ, ಮುಚ್ಚಳ ಮುಚ್ಚಿ. ಮುಚ್ಚಳದೊಳಗೆ ಬಿಸಿ ಗಾಳಿ ಸುತ್ತಿ ಮೇಲಿನಿಂದಲೂ ಚೀಸಿಗೆ ತಲುಪುತ್ತದೆ. ಎರಡು ನಿಮಿಷಕ್ಕೆ ತೆಗೆಯಿರಿ. ಹೆಚ್ಚು ಹೊತ್ತು ಮುಚ್ಚಿದರೆ ಆವಿ ಕುಳಿತು ಮೇಲ್ಭಾಗ ಒದ್ದೆಯಾಗುತ್ತದೆ. ಇನ್ನೆರಡು ನಿಮಿಷ ಬಿಟ್ಟು ಒಂದು ಮೂಲೆ ಎತ್ತಿ ನೋಡಿ. ಹಲಸಿನ ಹಪ್ಪಳ ಕಾಯಿಸಿದ ಬಣ್ಣ ಬಂದಿದ್ದರೆ ತಿರುವಿಹಾಕಿ. ಬೀಡಿನ ಕಾವಲಿಯಾದರೆ ಈಗ ಒಲೆಯನ್ನೇ ಆರಿಸಬಹುದು. ಎರಡನೆಯ ಮೈ ಕೂಡಿಟ್ಟ ಬಿಸಿಯಲ್ಲೇ ಮೂರು ನಾಲ್ಕು ನಿಮಿಷದಲ್ಲಿ ಬೇಯುತ್ತದೆ.

ಇಳಿಸಿದ ಮೇಲೆ ತಟ್ಟೆಯಲ್ಲಿ ಮಲಗಿಸಬೇಡಿ. ಅಡಿಯಿಂದ ಬರುವ ಆವಿ ತಟ್ಟೆಗೆ ತಾಗಿ ನೀರಾಗಿ, ಅಷ್ಟು ಹೊತ್ತು ಕಾದು ಮಾಡಿದ ಗರಿಯನ್ನು ಒಂದೇ ನಿಮಿಷದಲ್ಲಿ ಕೆಡಿಸುತ್ತದೆ. ನಮ್ಮಲ್ಲಿ ತಂತಿಯ ಜಾಲರಿ ಇರಲಿಲ್ಲ; ಎರಡು ಸ್ಯಾಂಡ್‌ವಿಚ್ಚುಗಳನ್ನು ಇಸ್ಪೀಟಿನ ಮನೆಯಂತೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿದೆವು. ಕೊಯ್ಯುವ ಮೊದಲು ಎರಡು ನಿಮಿಷ ತಾಳಬೇಕು, ಇಲ್ಲದಿದ್ದರೆ ಚೀಸ್ ಕತ್ತಿಯ ಹಿಂದೆಯೇ ಹೊರಗೆ ಹರಿದು ಬರುತ್ತದೆ. ಹುಡುಗಿ ತಾಳಲಿಲ್ಲ. ಮೇಲಂಗುಳ ಸುಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಸುಟ್ಟದ್ದು ಬಿಸಿಗೋ ಗಾಂಧಾರಿಗೋ ಎಂದು ಹೇಳಲಾಗದೆ, ಇನ್ನೊಂದು ತುಂಡಿಗೆ ಕೈಚಾಚಿದಳು.

ಅಂಚಿನಿಂದ ಸೋರಿದ ಚೀಸ್ ಕಾವಲಿಗೆ ಅಂಟಿಕೊಂಡರೆ ಕೆರೆಯಲು ಅವಸರ ಮಾಡಬಾರದು. ಇನ್ನೊಂದು ನಿಮಿಷ ಬಿಟ್ಟರೆ ಅದರ ನೀರಿನಂಶ ಆರಿ, ಕಂದು ಕಸೂತಿಯಂಥ ಗರಿಯಾಗಿ ತಾನೇ ಏಳುತ್ತದೆ. ಅದನ್ನು ತಿನ್ನಲು ನಮ್ಮಲ್ಲಿ ಪೈಪೋಟಿ ಇದೆ. ಸಾಬೂನು ಹಾಕಿ ತಿಕ್ಕಿದರೆ ಮರುದಿನ ದೋಸೆ ಏಳುವುದಿಲ್ಲ ಎಂದು ಅಮ್ಮ ಮೊದಲೇ ಎಚ್ಚರಿಸಿದ್ದರು. ಕಾವಲಿಯನ್ನು ಬಿಸಿ ಇರುವಾಗಲೇ ಒರಸಿ, ಅರ್ಧ ನೀರುಳ್ಳಿಯನ್ನು ಎಣ್ಣೆಗೆ ಅದ್ದಿ ನಾಲ್ಕು ಸುತ್ತು ಉಜ್ಜಿದೆ. ಮರುದಿನದ ಮೊದಲ ನೀರುದೋಸೆಗೆ ಸ್ವಲ್ಪ ಚೀಸಿನ ವಾಸನೆ ಇತ್ತು. ಎರಡನೆಯದಕ್ಕೆ ಇರಲಿಲ್ಲ.